ಇಪ್ಪತ್ತೆರಡು ಹಾಡು ಹನ್ನೊಂದಾದ ಕಥೆ

ನಮ್ಮ ಬ್ಯಾಂಡಿಗೆ ಸ್ಟೇಜ್ ಮೇಲೆ ಸಿಕ್ಕಿದ್ದು 45 ನಿಮಿಷ. ಕೈಯಲ್ಲಿದ್ದದ್ದು ಎಂಟು ವಾರ. ಪಟ್ಟಿಯಲ್ಲಿದ್ದದ್ದು 22 ಹಾಡು. ಒಂದು ವರ್ಷದಿಂದ ನಾವು ಐದು ಜನ ವಾರಕ್ಕೊಮ್ಮೆ ಒಂದು ಕೋಣೆಯಲ್ಲಿ ಸೇರಿ, ನಮಗಿಷ್ಟವಾದ ಬೇರೆಯವರ ಹಾಡುಗಳನ್ನು ನುಡಿಸುತ್ತಿದ್ದೆವು. ಯಾವ ಹಾಡೂ ನಡುವೆ ನಿಂತುಹೋಗುತ್ತಿರಲಿಲ್ಲ. ಅಂದಮೇಲೆ ಇನ್ನೇನು, ಸ್ಟೇಜ್ ಹತ್ತುವುದೊಂದೇ ಬಾಕಿ ಅಂದುಕೊಂಡಿದ್ದೆ.

ಬೇಸ್ ಗಿಟಾರಿನ ಹುಡುಗನಿಗೆ ಹಾಗನ್ನಿಸಿರಲಿಲ್ಲ. ನಮ್ಮಲ್ಲಿ ಅವನೇ ಚಿಕ್ಕವನು, ಮಾತೂ ಕಡಿಮೆ. ಒಂದು ದಿನ ಯಾರಿಗೂ ಹೇಳದೆ ಮೊಬೈಲನ್ನು ಬಾಗಿಲ ಹತ್ತಿರದ ಕಪಾಟಿನ ಮೇಲಿಟ್ಟು ಎರಡು ಗಂಟೆ ರೆಕಾರ್ಡ್ ಮಾಡಿದ. ಆಮೇಲೆ ಎಲ್ಲರನ್ನೂ ಕೂರಿಸಿ ಕೇಳಿಸಿದ.

ಮೊದಲ ಹಾಡಿನಲ್ಲಿ ಸಿಂಬಲ್, ಅಂದರೆ ಡ್ರಮ್ಸಿನ ಲೋಹದ ತಟ್ಟೆ, ಕೇಳಿಸಿತು. ಎರಡನೆಯದರಲ್ಲೂ ಸಿಂಬಲ್ ಕೇಳಿಸಿತು. ಹಾಡುವ ಅಕ್ಕನ ದನಿ ಪಕ್ಕದ ಮನೆಯಿಂದ ಬಂದ ಹಾಗಿತ್ತು. ಗಿಟಾರ್ ಎರಡಿದ್ದರೂ ಯಾವುದು ನನ್ನ ರಿದಮ್ ಗಿಟಾರು, ಯಾವುದು ಲೀಡ್‌ನವನದು ಅಂತ ನನಗೇ ಗೊತ್ತಾಗಲಿಲ್ಲ. ಇಬ್ಬರೂ ಒಂದೇ ಕಾರ್ಡನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಒಂದೇ ಜಾಗದಲ್ಲಿ ಹಿಡಿದು, ಒಂದೇ ತರ ಗೀಚುತ್ತಿದ್ದೆವು. ನಾಲ್ಕನೇ ಹಾಡು ಮುಗಿಯುವಾಗ ಡ್ರಮ್ಸ್ ಅಣ್ಣ ತಲೆ ತಗ್ಗಿಸಿ, "ಸಾಕಪ್ಪಾ, ಆಫ್ ಮಾಡು" ಅಂದರು.

ಮೊಬೈಲಿನ ಮೈಕ್ ಸರಿಯಿಲ್ಲ ಅಂತ ನಾನೊಂದು ಮಾತು ಎಸೆದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಯಾರೂ ಉತ್ತರ ಕೊಡಲಿಲ್ಲ.

ಅಲ್ಲಿಂದ ಶುರುವಾಯಿತು ಕತ್ತರಿ ಹಾಕುವ ಕೆಲಸ.

ಮೊದಲು ಪಟ್ಟಿ. ಹಾಡಿಗೆ ನಾಲ್ಕು ನಿಮಿಷ ಅಂದರೂ 22 ಹಾಡಿಗೆ 88 ನಿಮಿಷ. ಅರ್ಧದಷ್ಟು ಹೋಗಲೇಬೇಕು. ಯಾವುದು ಹೋಗಬೇಕು ಅನ್ನುವುದರ ಮೇಲೆ ಎರಡು ವಾರ ಜಗಳವಾಡಬಹುದಿತ್ತು. ಅಕ್ಕ ಒಂದು ದಾರಿ ಹುಡುಕಿದರು. ಒಬ್ಬೊಬ್ಬರಿಗೂ ಎರಡೆರಡು ಹಾಡು ಕಿತ್ತುಹಾಕುವ ಹಕ್ಕು, ಕಾರಣ ಹೇಳಬೇಕಿಲ್ಲ. ಹೀಗೆ ಹತ್ತು ಹಾಡು ಹತ್ತು ನಿಮಿಷದಲ್ಲಿ ಹೋದವು. ನನ್ನ ಅತಿ ಇಷ್ಟದ ಹಾಡನ್ನು ಯಾರು ಕಿತ್ತರು ಅಂತ ನನಗೆ ಇವತ್ತಿಗೂ ಗೊತ್ತಿದೆ. ಇರಲಿ.

ಉಳಿದ ಹನ್ನೆರಡರಲ್ಲಿ ಮೂರಕ್ಕೆ ಇನ್ನೊಂದು ತೊಂದರೆ ಇತ್ತು. ಮೂಲ ರೆಕಾರ್ಡಿನಲ್ಲಿ ಅವು ಮುಗಿಯುವುದೇ ಇಲ್ಲ. ಪಲ್ಲವಿ ಮತ್ತೆ ಮತ್ತೆ ಬರುತ್ತಾ ಸದ್ದು ಸಣ್ಣಗಾಗಿ ಕರಗಿಹೋಗುತ್ತದೆ. ಸ್ಟುಡಿಯೋದಲ್ಲಿ ಅದು ಒಂದು ಗುಂಡಿ ಇಳಿಸುವ ಕೆಲಸ. ಐದು ಜನ ನಿಂತು ನುಡಿಸುವಾಗ ಹಾಗೆ ಮಾಡಲು ಹೋದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ನಿಲ್ಲಿಸುತ್ತಾರೆ. ಜನಕ್ಕೆ ಚಪ್ಪಾಳೆ ಯಾವಾಗ ತಟ್ಟಬೇಕು ಅಂತಲೂ ಗೊತ್ತಾಗುವುದಿಲ್ಲ. ಎರಡು ಹಾಡಿಗೆ ನಾವೇ ಮುಕ್ತಾಯ ಕಟ್ಟಿದೆವು. ಪಲ್ಲವಿ ಎರಡು ಸಲ, ಕೊನೆಯ ಸಾಲು ಮೂರು ಸಲ, ಡ್ರಮ್ಸ್ ಅಣ್ಣ ತಲೆ ಎತ್ತಿದಾಗ ಎಲ್ಲರೂ ಒಟ್ಟಿಗೆ ಕೊನೆಯ ಏಟು. ಮೂರನೆಯ ಹಾಡಿಗೆ ಎಷ್ಟು ಹೆಣಗಿದರೂ ಒಂದು ಕೊನೆ ಹುಟ್ಟಲಿಲ್ಲ. ಅದನ್ನೂ ಬಿಟ್ಟೆವು. ಹನ್ನೊಂದು ಉಳಿಯಿತು.

ಆಮೇಲೆ ಸ್ಕೇಲಿನ, ಅಂದರೆ ಹಾಡು ಯಾವ ಶ್ರುತಿಯಲ್ಲಿರಬೇಕು ಅನ್ನುವ ವಿಷಯ. ಇದರಲ್ಲಿ ನಮ್ಮ ಗಿಟಾರಿನವರ ಅಹಂಕಾರ ಜಾಸ್ತಿ. ಮೂಲ ಹಾಡು ಯಾವ ಸ್ಕೇಲಿನಲ್ಲಿದೆಯೋ ಅದರಲ್ಲೇ ನುಡಿಸಬೇಕು, ಇಲ್ಲದಿದ್ದರೆ ಹಾಡಿನ ಬಣ್ಣ ಹೋಗುತ್ತದೆ ಅಂತ ನಾವಿಬ್ಬರೂ ಒಂದು ವರ್ಷ ವಾದಿಸಿದ್ದೆವು. ಅಕ್ಕ ಒಂದು ಸಂಜೆ ಬೇಸತ್ತು ಹೇಳಿದರು: "ಬೆಳಿಗ್ಗೆ ಒಬ್ಬಳೇ ಕೂತು ಹಾಡಿದ್ರೆ ಆ ಸ್ವರ ಮುಟ್ತೀನಿ. ಒಂಬತ್ತು ಹಾಡು ಹಾಡಿ ದಣಿದು, ಹಿಂದೆ ಡ್ರಮ್ ಬಡೀತಿರುವಾಗ ಮುಟ್ಟಕ್ಕಾಗಲ್ಲ. ನಿಮಗೆ ತಂತಿ ಮುಖ್ಯಾನೋ, ನನ್ನ ಗಂಟಲು ಮುಖ್ಯಾನೋ?"

ಪ್ರಶ್ನೆಗೆ ಒಂದೇ ಉತ್ತರ ಇತ್ತು, ಅಲ್ವಾ. ಅವತ್ತಿನಿಂದ ಸ್ಕೇಲ್ ಗೊತ್ತುಮಾಡುವ ಅಧಿಕಾರ ಅಕ್ಕನದು. ಅವರು ಪರೀಕ್ಷೆ ಮಾಡುತ್ತಿದ್ದ ರೀತಿಯೂ ಚೆನ್ನಾಗಿತ್ತು. ಹಾಡಿನ ಅತಿ ಎತ್ತರದ ಸಾಲನ್ನು ಪ್ರಾಕ್ಟೀಸಿನ ಕೊನೆಯ ಹತ್ತು ನಿಮಿಷದಲ್ಲಿ, ಗಂಟಲು ಸೋತಿರುವಾಗ ಹಾಡಿ ನೋಡುವುದು. ಆಗಲೂ ಆರಾಮವಾಗಿ ಬಂದರೆ ಅದೇ ಸ್ಕೇಲ್. ನಾಲ್ಕು ಹಾಡು ಕೆಳಗಿಳಿದವು. ಡಿ ಸ್ಕೇಲಿನಲ್ಲಿದ್ದ ಒಂದು ಹಾಡು ಮೂರು ಮನೆ (ಗಿಟಾರಿನ ಫ್ರೆಟ್) ಇಳಿದು ಬಿಗೆ ಬಂತು. ಗಿಟಾರಿನಲ್ಲಿ ಬಿ ಸ್ಕೇಲ್ ಅಂದರೆ ಕೈ ನೋವು. ತೆರೆದ ತಂತಿಗಳು ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಬೆರಳನ್ನು ಅಡ್ಡಕ್ಕೆ ಒತ್ತಿ ಹಿಡಿದೇ ನುಡಿಸಬೇಕು. ಎರಡನೇ ಮನೆಗೆ ಕ್ಯಾಪೋ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿದರೆ ಕೆಲಸ ಸುಲಭ. ಎ ಸ್ಕೇಲಿನ ಕಾರ್ಡುಗಳನ್ನೇ ಹಿಡಿಯಬಹುದು, ಕೇಳಿಸುವುದು ಬಿ. ಈ ಕ್ಯಾಪೋ ಬಗ್ಗೆ ಆಮೇಲೆ ಇನ್ನೂ ಹೇಳುವುದಿದೆ.

ಎರಡು ಗಿಟಾರಿನ ಕಿತ್ತಾಟವೂ ಇದರಿಂದಲೇ ಬಗೆಹರಿಯಿತು. ನಾನು ಕ್ಯಾಪೋ ಹಾಕಿದಾಗ ನನ್ನ ಕಾರ್ಡುಗಳ ರೂಪವೇ ಬೇರೆ, ಲೀಡ್‌ನವನದು ಬೇರೆ. ಸ್ವರಗಳು ಅವೇ ಆದರೂ ಒಂದರ ಮೇಲೊಂದು ಬೀಳುತ್ತಿರಲಿಲ್ಲ. ಉಳಿದ ಹಾಡುಗಳಿಗೂ ಇದನ್ನೇ ಹಿಡಿದೆವು. ಅವನು ದಪ್ಪ ತಂತಿಗಳ ಕಡೆ ಇದ್ದರೆ ನಾನು ಸಣ್ಣ ತಂತಿಗಳ ಮೇಲೆ ಮೂರೇ ಸ್ವರ. ಅವನು ಗೀಚುತ್ತಿದ್ದರೆ ನಾನು ಕಾರ್ಡ್ ಬಿಟ್ಟು ಸುಮ್ಮನಿರುವುದು. ಸುಮ್ಮನಿರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಕೈ ತಾನಾಗಿಯೇ ತಂತಿಯ ಮೇಲೆ ಹೋಗುತ್ತದೆ.

ಇನ್ನು ಸದ್ದು. ಇದಕ್ಕೇ ನಮ್ಮ ಅರ್ಧ ದಿನಗಳು ಹೋದವು, ಹೋಗಬೇಕಾದದ್ದೇ.

ಡ್ರಮ್ಸಿಗೆ ವಾಲ್ಯೂಮ್ ಗುಂಡಿ ಇಲ್ಲ. ಅದು ಎಷ್ಟು ಜೋರೋ ಅಷ್ಟಕ್ಕೆ ಗಿಟಾರ್ ಏರುತ್ತದೆ. ಗಿಟಾರ್ ಏರಿದ್ದಕ್ಕೆ ಬೇಸ್ ಏರುತ್ತದೆ. ಡ್ರಮ್ಸ್ ಅಣ್ಣನಿಗೆ ತಮ್ಮ ಏಟು ಕೇಳಿಸದೆ ಇನ್ನೂ ಜೋರಾಗಿ ಬಾರಿಸುತ್ತಾರೆ. ಹಾಡುವವರಿಗೆ ಮಾತ್ರ ಏರಿಸಲು ಜಾಗವಿಲ್ಲ. ಒಂದು ಮಿತಿ ದಾಟಿದರೆ ಮೈಕ್ ಕುಂಯ್ ಅಂತ ಕೂಗುತ್ತದೆ. ಸ್ಪೀಕರಿನಿಂದ ಬಂದ ಸದ್ದು ಮತ್ತೆ ಮೈಕಿಗೆ ಹೋಗಿ, ಸ್ಪೀಕರಿಗೆ ಬಂದು, ಹೀಗೆ ಸುತ್ತುತ್ತಾ ಬೆಳೆಯುವುದರಿಂದ ಆ ಕೂಗು. ಒಂದು ದಿನ ಮೊಬೈಲಿನ ಆ್ಯಪಿನಲ್ಲಿ ಅಳೆದು ನೋಡಿದೆವು. 100 ಡೆಸಿಬಲ್ ಆಸುಪಾಸು ತೋರಿಸಿತು. ಮೊಬೈಲಿನ ಲೆಕ್ಕ ಕರಾರುವಾಕ್ಕಲ್ಲ, ಒಪ್ಪುತ್ತೇನೆ. ಆದರೆ ಅಮೆರಿಕದ ನಯೋಷ್ ಅನ್ನುವ ಸಂಸ್ಥೆ ಕೆಲಸದ ಜಾಗಗಳಿಗೆ ಹಾಕಿಕೊಟ್ಟ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಹೊತ್ತು ಅರ್ಧಕ್ಕರ್ಧ ಇಳಿಯುತ್ತದೆ. ಹಾಗೆ ಇಳಿಸುತ್ತಾ ಹೋದರೆ 100 ಡೆಸಿಬಲ್ಲಿಗೆ ಉಳಿಯುವುದು 15 ನಿಮಿಷ. ನಾವು ವಾರಕ್ಕೊಮ್ಮೆ ಮೂರು ಗಂಟೆ ಕೂರುತ್ತಿದ್ದೆವು. ರಾತ್ರಿ ಮಲಗಿದಾಗ ಕಿವಿಯಲ್ಲಿ ಜೀರುಂಡೆ ಕೂಗಿದಂತಾಗುತ್ತಿದ್ದದ್ದು ಯಾಕೆ ಅಂತ ಆಗ ಅರ್ಥವಾಯಿತು.

ಮರುವಾರ ಎಲ್ಲರೂ ಇಯರ್‌ಪ್ಲಗ್ ತಂದರು. ನಾನು ಅಗ್ಗದ ಸ್ಪಂಜಿನದು ತಂದೆ. ಅದು ತೆಳು (ಎತ್ತರದ ಸ್ವರದ) ಸದ್ದನ್ನು ಜಾಸ್ತಿ ನುಂಗುತ್ತದೆ, ಕಂಬಳಿ ಹೊದ್ದು ಕೇಳಿದ ಹಾಗಿರುತ್ತದೆ. ಡ್ರಮ್ಸ್ ಅಣ್ಣ ತಂದದ್ದು ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಇರುವಂಥದ್ದು. ದಪ್ಪ ತೆಳು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮ ಇಳಿಸುತ್ತದೆ. ಒಂದು ಹಾಡಿಗೆ ಅವರದ್ದನ್ನು ಹಾಕಿಕೊಂಡು ನೋಡಿ, ತೊಳೆದು ವಾಪಸ್ ಕೊಟ್ಟು, ನಾನೂ ಅದನ್ನೇ ತರಿಸಿಕೊಂಡೆ.

ಸದ್ದು ಕೂರಿಸುವ ಕ್ರಮವನ್ನೇ ತಿರುಗಿಸಿದೆವು. ಮೊದಲು ಅಕ್ಕ ಮೈಕಿನಲ್ಲಿ ಹಾಡುತ್ತಾರೆ. ಕೂಗದ ಹಾಗೆ ಎಷ್ಟು ಏರಿಸಬಹುದೋ ಅಷ್ಟು ಏರಿಸುತ್ತೇವೆ. ಆಮೇಲೆ ಡ್ರಮ್ಸ್ ಅಣ್ಣ ಆ ದನಿ ಮುಳುಗದ ಹಾಗೆ ಬಾರಿಸುತ್ತಾರೆ. ತೆಳುವಾದ ಕೋಲು ತಂದುಕೊಂಡರು, ಸಿಂಬಲ್ ಮೇಲೆ ಕೈ ತಗ್ಗಿಸಿದರು. ಆಮೇಲೆ ಬೇಸ್. ಕೊನೆಗೆ ಗಿಟಾರುಗಳು, ಉಳಿದ ಜಾಗದಲ್ಲಿ.

ಉಳಿದ ಜಾಗ ಬಹಳ ಕಡಿಮೆ ಇತ್ತು! ನನ್ನದು 15 ವಾಟಿನ ವಾಲ್ವ್ ಆಂಪ್, ಗಿಟಾರಿನ ಸದ್ದು ಏರಿಸುವ ಪೆಟ್ಟಿಗೆ. ಇನ್ನೂ ದೊಡ್ಡದು ಬೇಕು ಅಂತ ನಾನು ದುಡ್ಡು ಕೂಡಿಡುತ್ತಿದ್ದೆ. 30 ವಾಟಿನದು ತಂದರೆ ಸದ್ದು ದುಪ್ಪಟ್ಟಾಗುತ್ತದೆ ಅಂತ ನನ್ನ ಲೆಕ್ಕ. ಆಗುವುದಿಲ್ಲ. ವಾಟ್ ದುಪ್ಪಟ್ಟಾದರೆ 3 ಡೆಸಿಬಲ್ ಏರುತ್ತದೆ, ಕಿವಿಗೆ 'ಹೂಂ, ಚೂರು ಜಾಸ್ತಿ' ಅನ್ನಿಸುತ್ತದೆ ಅಷ್ಟೆ. ಕಿವಿಗೆ ದುಪ್ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ನನ್ನ ಕಷ್ಟ ವಾಟಿನದಲ್ಲವೇ ಅಲ್ಲ. ಆಂಪ್ ನೆಲದ ಮೇಲಿತ್ತು, ಅದರ ಸದ್ದೆಲ್ಲ ನನ್ನ ಮೊಣಕಾಲಿಗೆ ಹೋಗುತ್ತಿತ್ತು. ಅದನ್ನು ಕುರ್ಚಿಯ ಮೇಲಿಟ್ಟು ಮುಖ ಸ್ವಲ್ಪ ಮೇಲಕ್ಕೆ ತಿರುಗಿಸಿದೆ. ಗುಂಡಿಯನ್ನು ಅರ್ಧಕ್ಕಿಳಿಸಿದರೂ ನನಗೆ ಮೊದಲಿಗಿಂತ ಚೆನ್ನಾಗಿ ಕೇಳಿಸಿತು.

ಟೋನ್ ಕೂಡ ತಪ್ಪಾಗಿತ್ತು. ಮನೆಯಲ್ಲಿ ಒಬ್ಬನೇ ನುಡಿಸುವಾಗ ಬೇಸ್ (ದಪ್ಪ ಸದ್ದು) ಏರಿಸಿ, ಮಿಡ್ (ನಡುವಿನ ಸದ್ದು) ಇಳಿಸಿ, ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಸುರಿದರೆ ಗಿಟಾರ್ ದೊಡ್ಡದಾಗಿ ಕೇಳಿಸುತ್ತದೆ. ಬ್ಯಾಂಡಿನಲ್ಲಿ ಆ ಕೆಳಗಿನ ಜಾಗ ಬೇಸ್ ಗಿಟಾರಿನದು, ಕಿಕ್ ಡ್ರಮ್ಮಿನದು. ಮೇಲಿನದು ಸಿಂಬಲಿನದು. ಗಿಟಾರ್ ಬದುಕುವುದು ಮಿಡ್‌ನಲ್ಲಿ, ಅದನ್ನೇ ನಾನು ಕಿತ್ತುಹಾಕಿದ್ದೆ. ಬೇಸ್ ಇಳಿಸಿ, ಡಿಸ್ಟಾರ್ಷನ್ ಅರ್ಧ ಮಾಡಿ, ಮಿಡ್ ಏರಿಸಿದೆ. ಒಬ್ಬನೇ ಕೇಳಿದರೆ ತಗಡು ಬಡಿದ ಹಾಗಿತ್ತು. ಬ್ಯಾಂಡ್ ಜೊತೆ ಕೇಳಿದಾಗ ಪ್ರತಿ ಸ್ವರ ಬಿಡಿಬಿಡಿಯಾಗಿ ಬಂತು. ಸದ್ದು ಬದಲಿಸುವ ಒಂಬತ್ತು ಪೆಡಲ್ ಇದ್ದ ನನ್ನ ಬೋರ್ಡಿನಲ್ಲಿ ಕೊನೆಗೆ ಮೂರು ಉಳಿದವು. ಒಂದು ಟ್ಯೂನರ್, ಒಂದು ಓವರ್‌ಡ್ರೈವ್, ಒಂದು ಡಿಲೇ. ಉಳಿದ ಆರು ಇನ್ನೂ ಕಪಾಟಿನಲ್ಲಿವೆ. ಮಾರಲು ಮನಸ್ಸು ಬಂದಿಲ್ಲ.

ಲಯದ ಬಗ್ಗೆ ಜಾಸ್ತಿ ಹೇಳಲ್ಲ. ರೆಕಾರ್ಡಿಂಗ್ ಅಳೆದಾಗ ನಿಮಿಷಕ್ಕೆ 104 ಬೀಟ್‌ನಲ್ಲಿ ಶುರುವಾದ ಹಾಡು 113ಕ್ಕೆ ಮುಗಿದಿತ್ತು. ಎಲ್ಲರೂ ಡ್ರಮ್ಸ್ ಕಡೆ ನೋಡಿದೆವು. ಅಣ್ಣ ಮೆಟ್ರೋನೋಮ್ ಹಾಕಿಕೊಂಡು ಒಬ್ಬರೇ ಬಾರಿಸಿ ತೋರಿಸಿದರು, ಗಡಿಯಾರದ ಹಾಗೆ ಸರಿಯಾಗಿತ್ತು. ಓಡುತ್ತಿದ್ದವರು ನಾವು. ಪಲ್ಲವಿ ಹತ್ತಿರ ಬಂದ ಖುಷಿಗೆ ಗಿಟಾರುಗಳು ಮುಂದಕ್ಕೆ ತಳ್ಳುತ್ತಿದ್ದವು, ಅವರು ಪಾಪ ಹಿಂದೆ ಓಡಿ ಬರುತ್ತಿದ್ದರು. ಶುರುವಿನ ಎಣಿಕೆಗೆ ಅವರು ಒಂದು ಉಪಾಯ ಹೇಳಿದರು: ಕೋಲು ಬಡಿಯುವ ಮೊದಲು ಪಲ್ಲವಿಯ ಒಂದು ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳುವುದು. ಪಲ್ಲವಿ ಯಾವ ವೇಗದಲ್ಲಿ ಬಾಯಿಗೆ ಸರಿಯಾಗಿ ಕೂರುತ್ತದೋ ಹಾಡಿನ ವೇಗವೂ ಅದೇ.

ಆರನೇ ವಾರದಿಂದ ಹಾಡು ಕಲಿಯುವುದನ್ನು ನಿಲ್ಲಿಸಿ, 45 ನಿಮಿಷವನ್ನು ಒಂದೇ ಉಸಿರಿನಲ್ಲಿ ನುಡಿಸತೊಡಗಿದೆವು. ಎಲ್ಲರೂ ನಿಂತೇ ನುಡಿಸಬೇಕು, ಡ್ರಮ್ಸ್ ಅಣ್ಣನನ್ನು ಬಿಟ್ಟು. ಒಬ್ಬರನ್ನೊಬ್ಬರು ನೋಡಿಕೊಂಡು ಗುಂಡಗೆ ನಿಲ್ಲುವ ಹಾಗಿಲ್ಲ, ಎಲ್ಲರ ಮುಖವೂ ಗೋಡೆಗೆ. ತಪ್ಪಾದರೂ ನಿಲ್ಲಿಸುವಂತಿಲ್ಲ, 'ಸಾರಿ' ಅನ್ನುವಂತಿಲ್ಲ, ಮುಖ ಕಿವುಚುವಂತಿಲ್ಲ. ಈ ಕೊನೆಯದು ನನಗೆ ಆಗುತ್ತಲೇ ಇರಲಿಲ್ಲ. ಬೆರಳು ಜಾರಿದ ಕೂಡಲೇ ಹುಳಿ ತಿಂದವನ ಹಾಗೆ ಮುಖ ಮಾಡುತ್ತಿದ್ದೆ. "ಕೇಳಿದವರಿಗೆ ಗೊತ್ತಾಗಲ್ಲ ಗುರು, ನಿನ್ನ ಮುಖ ನೋಡಿದವರಿಗೆ ಗೊತ್ತಾಗುತ್ತೆ" ಅಂದ ಲೀಡ್‌ನವನು.

ಮೊದಲ ಸಲ ಗಡಿಯಾರ ಇಟ್ಟು ನುಡಿಸಿದಾಗ ಒಂದು ಗಂಟೆ ಎರಡು ನಿಮಿಷ ಹಿಡಿಯಿತು. ಹಾಡುಗಳೇ ಸುಮಾರು 39 ನಿಮಿಷ. ಉಳಿದ 23 ನಿಮಿಷ ಎಲ್ಲಿ ಹೋಯಿತು? ಟ್ಯೂನ್ ಮಾಡುವುದು, ನೀರು ಕುಡಿಯುವುದು, ಕ್ಯಾಪೋ ಹುಡುಕುವುದು, ಮುಂದಿನದು ಯಾವುದು ಅಂತ ಕೇಳುವುದು, ನಾನು ಸುಮ್ನೆ ಬೇರೆ ಯಾವುದೋ ಹಾಡಿನ ತುಣುಕು ನುಡಿಸುವುದು. ಕೂತು ಸರಿಮಾಡಿದೆವು. ಟ್ಯೂನಿಂಗ್ ಬೇಕಾದ ಹಾಡುಗಳನ್ನು ಒಂದು ಕಡೆ ಸೇರಿಸಿದೆವು. ಕ್ಯಾಪೋ ಬೇಕಾದ ಹಾಡಿನ ಮೊದಲು ಅಕ್ಕ ಎರಡು ಮಾತಾಡುತ್ತಾರೆ. ಮೂರು ಜಾಗಗಳಲ್ಲಿ ಒಂದು ಹಾಡಿನ ಕೊನೆಯ ಏಟು ಇನ್ನೂ ಗುಂಯ್‌ಗುಡುತ್ತಿರುವಾಗಲೇ ಮುಂದಿನದರ ಎಣಿಕೆ. ಅಕ್ಕನ ಮಾತೂ ಮೊದಲು ಉದ್ದವಿತ್ತು. ಈ ಹಾಡು ನಮಗೆ ಯಾಕಿಷ್ಟ ಅನ್ನುವ ಕಥೆಗಳು. ಅವೂ ಹೋದವು. ಏಳನೇ ವಾರ 44 ನಿಮಿಷಕ್ಕೆ ಬಂದು ನಿಂತೆವು.

ನಡುವೆ ಲೈಸೆನ್ಸ್ ವಿಷಯವೂ ವಿಚಾರಿಸಿದೆವು. ಬೇರೆಯವರ ಹಾಡನ್ನು ಜನರ ಮುಂದೆ ನುಡಿಸಲು ಸಾರ್ವಜನಿಕ ಪ್ರದರ್ಶನದ ಅನುಮತಿ ಬೇಕು. ಸಾಮಾನ್ಯವಾಗಿ ಅದನ್ನು ಕಾರ್ಯಕ್ರಮ ನಡೆಸುವವರು ಪಡೆಯುತ್ತಾರೆ. ನಮ್ಮವರೂ ಪಡೆದಿದ್ದರು. ಆದರೂ ಕೇಳಿಕೊಳ್ಳುವುದು ವಾಸಿ.

ಮೈಕ್ ಹಿಡಿಯುವುದನ್ನೂ ಕಲಿಯಬೇಕಾಯಿತು ಅಂದರೆ ನಗುತ್ತೀರಿ. ಹಿನ್ನೆಲೆ ದನಿ ಕೊಡುವಾಗ ನಾನು ಸ್ಟೈಲಾಗಿ ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಿದ್ದೆ, ಕೂಡಲೇ ಅದು ಕೂಗುತ್ತಿತ್ತು. ಹಾಡುವ ಮೈಕುಗಳು ಹೆಚ್ಚಿನವು ಎದುರಿನ ಸದ್ದನ್ನು ಹಿಡಿದು ಹಿಂದಿನದನ್ನು ಬಿಡುವಂಥವು. 1966ರಲ್ಲಿ ಬಂದು ಇವತ್ತಿಗೂ ಬಹಳ ಸ್ಟೇಜುಗಳಲ್ಲಿ ಕಾಣುವ ಶ್ಯೂರ್ ಎಸ್‌ಎಂ58 ಕೂಡ ಅದೇ ಜಾತಿ. ಹಿಂದಿನ ಸದ್ದನ್ನು ಬಿಡುವ ಆ ಗುಣ ಬರುವುದು ಜಾಲರಿಯೊಳಗೆ ಹಿಂಬದಿಯಲ್ಲಿರುವ ಕಿಂಡಿಗಳಿಂದ. ಅವನ್ನು ಕೈಯಿಂದ ಮುಚ್ಚಿದರೆ ಮೈಕ್ ಎಲ್ಲ ಕಡೆಯಿಂದಲೂ ಸದ್ದು ಎಳೆದುಕೊಳ್ಳುತ್ತದೆ, ನುಡಿಸುವವರ ಕಡೆ ತಿರುಗಿರುವ ಮಾನಿಟರ್ ಸ್ಪೀಕರಿನದೂ ಸೇರಿ. ಕೈ ಕೆಳಗೆ ಇಳಿಸಿದೆ, ಕೂಗು ನಿಂತಿತು.

ಕಾರ್ಯಕ್ರಮಕ್ಕೆ ಎರಡು ದಿನ ಮೊದಲು ಹೊಸ ತಂತಿ ಹಾಕಿ, ಎಳೆದೆಳೆದು ಹದ ಮಾಡಿದೆ. ಅದೇ ದಿನ ಹಾಕಿದರೆ ಶ್ರುತಿ ನಿಲ್ಲುವುದಿಲ್ಲ. ಬ್ಯಾಗಿಗೆ ಬಿಡಿ ತಂತಿ, ಎರಡು ಹೆಚ್ಚಿನ ಕೇಬಲ್, 9 ವೋಲ್ಟಿನ ಬ್ಯಾಟರಿ, ಬಟ್ಟೆಯ ಟೇಪು, ಟಾರ್ಚು, ಡ್ರಮ್ ಜಾರದಿರಲು ಒಂದು ಹಳೇ ಜಮಖಾನ. ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೈಕ್ ಬೇಕು, ಬೇಸನ್ನು ನೇರ ಮಿಕ್ಸರಿಗೆ ಸೇರಿಸುವ ಡಿಐ ಬಾಕ್ಸ್ ಬೇಕು ಅನ್ನುವುದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಸೌಂಡ್ ಎಂಜಿನಿಯರಿಗೆ ಮೊದಲೇ ಕಳಿಸಿದ್ದೆವು.

ಆ ಹಾಳೆಯೇ ನಮ್ಮನ್ನು ಕಾಪಾಡಿತು. 40 ನಿಮಿಷ ಸೌಂಡ್ ಚೆಕ್ ಅಂದಿದ್ದರು, ಸಿಕ್ಕಿದ್ದು 15. ಕಿಕ್, ಸ್ನೇರ್, ಟಾಮ್, ಬೇಸ್, ಗಿಟಾರ್, ಕೊನೆಗೆ ದನಿ, ಸರಸರ ಮುಗಿಯಿತು. ಎಂಜಿನಿಯರ್ ಗಿಟಾರಿನವರ ಕಡೆ ಬಂದು, "ಸರ್, ಆಂಪ್ ಸ್ವಲ್ಪ..." ಅಂತ ಶುರುಮಾಡಿ, ಒಂದು ಕ್ಷಣ ಕೇಳಿ, "ಬೇಡ ಬಿಡಿ, ಸರಿಯಾಗಿದೆ" ಅಂದರು. ಎಂಟು ವಾರದಲ್ಲಿ ನನಗೆ ಸಿಕ್ಕ ದೊಡ್ಡ ಬಿರುದು ಅದು. ಖಾಲಿ ಹಾಲ್ ಗುಂಯ್ ಅನ್ನುತ್ತಿತ್ತು. ಎದುರಿನ ಗೋಡೆ ಸುಮಾರು 17 ಮೀಟರ್ ದೂರ. ಸದ್ದು ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಆ ಪ್ರತಿಧ್ವನಿಗೆ ಕಿವಿ ಕೊಟ್ಟರೆ ಲಯ ಹಿಂದೆ ಬೀಳುತ್ತದೆ. "ಗೋಡೆ ಕೇಳಬೇಡಿ, ನನ್ನ ಹೈಹ್ಯಾಟ್ ಕೇಳಿ" ಅಂದರು ಅಣ್ಣ. ಜನ ತುಂಬಿದ ಮೇಲೆ ಗುಂಯ್‌ಗುಡುವುದು ಅರ್ಧ ಇಳಿಯಿತು. ಮೈ, ಬಟ್ಟೆ ಎಲ್ಲವೂ ಸದ್ದು ಹೀರುತ್ತವೆ.

ಮೊದಲ ಹಾಡು ಹೇಗೆ ಹೋಯಿತೋ ನೆನಪಿಲ್ಲ. ಬಾಯಿ ಒಣಗಿತ್ತು, ಎದೆ ಢವಢವ ಅನ್ನುತ್ತಿತ್ತು, ಚಪ್ಪಾಳೆ ಬಂತು. ನಾಲ್ಕನೆಯದು ಆ ಬಿ ಸ್ಕೇಲಿನ ಹಾಡು. ಅಕ್ಕ ಎರಡು ಮಾತಾಡಿದರು. ಮುಂದಿನ ಸಾಲಿನಲ್ಲಿ ಯಾರೋ ಏನೋ ಅಂದದ್ದಕ್ಕೆ ನಾನೂ ನಕ್ಕೆ. ಅಣ್ಣ ಎಣಿಸಿದರು. ನಾನು ಎ ಕಾರ್ಡ್ ಹಿಡಿದು ಬಾರಿಸಿದೆ.

ಕ್ಯಾಪೋ ಇನ್ನೂ ಮೈಕ್ ಸ್ಟ್ಯಾಂಡಿಗೆ ಕಚ್ಚಿಕೊಂಡಿತ್ತು.

ನಾಲ್ಕು ಜನ ಬಿನಲ್ಲಿ, ನಾನೊಬ್ಬ ಎನಲ್ಲಿ. ಎರಡು ಏಟಿಗೇ ಗೊತ್ತಾಯಿತು. ಕಿರುಬೆರಳಿನಲ್ಲಿ ಗಿಟಾರಿನ ವಾಲ್ಯೂಮ್ ಸೊನ್ನೆಗಿಳಿಸಿದೆ. ಮುಖ ಕಿವುಚಲಿಲ್ಲ. ಕ್ಯಾಪೋ ತೆಗೆದು ಹಾಕಲು ಮೂರು ಸೆಕೆಂಡು ಸಾಕು, ಆದರೆ ಹಾಕಿದ ಮೇಲೆ ಎರಡು ತಂತಿ ಸ್ವಲ್ಪ ಎಳೆದ ಹಾಗಿತ್ತು. ಟ್ಯೂನರ್ ಒತ್ತಿ ಸರಿಮಾಡಿಕೊಳ್ಳುವಷ್ಟರಲ್ಲಿ ಮೊದಲ ಚರಣ ಮುಗಿಯುತ್ತಾ ಬಂದಿತ್ತು. ಪಲ್ಲವಿಗೆ ವಾಲ್ಯೂಮ್ ಏರಿಸಿ ಒಳಗೆ ಬಂದೆ.

ಕೇಬಲ್ ಸುತ್ತುತ್ತಿದ್ದಾಗ ಲೀಡ್‌ನವನು ಹತ್ತಿರ ಬಂದ. ಬೈಗುಳ ಬರುತ್ತದೆ ಅಂತ ತಲೆ ಬಗ್ಗಿಸಿದೆ.

"ನಾಲ್ಕನೇ ಹಾಡಲ್ಲಿ ಚರಣ ಪೂರ್ತಿ ಬಿಟ್ಟು ಪಲ್ಲವಿಗೆ ಬಂದ್ಯಲ್ಲ, ಮೊದಲೇ ಯಾಕೆ ಹೇಳಲಿಲ್ಲ? ಮಸ್ತಾಗಿತ್ತು."

ಬೇಸಿನ ಹುಡುಗ ಏನೂ ಮಾತಾಡಲಿಲ್ಲ, ನನ್ನ ಮುಖ ನೋಡಿ ಸಣ್ಣಗೆ ನಕ್ಕ. ಅವನ ಮೊಬೈಲ್ ಅವತ್ತೂ ಎಲ್ಲೋ ರೆಕಾರ್ಡ್ ಮಾಡುತ್ತಿತ್ತು, ಆ ಎರಡು ಏಟು ಅದರಲ್ಲಿವೆ. ಮುಂದಿನ ಕಾರ್ಯಕ್ರಮದ ಸೆಟ್‌ಲಿಸ್ಟ್ ಬರೆದವನೂ ಅವನೇ. ನಾಲ್ಕನೇ ಹಾಡಿನ ಎದುರಿಗೆ ಕೆಂಪು ಪೆನ್ನಿನಲ್ಲಿ ಹೀಗಿದೆ: 'ಕ್ಯಾಪೋ 2. ಮೊದಲ ಚರಣಕ್ಕೆ ರಿದಮ್ ಗಿಟಾರ್ ಬೇಡ.'